ಅವರದ್ದೂ ನನ್ನ ಹತ್ತಿರ ತಗೋ

ನನ್ನ ಮದುವೆಯ ದಿನ ಬೆಳಿಗ್ಗೆ ಜಟಕಾದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ತವರು ಬಿಡುವ ಸಂಕಟ ಎಂದುಕೊಂಡು ಪಕ್ಕದಲ್ಲಿದ್ದ ಚಿಕ್ಕಮ್ಮ ತನ್ನ ಕರವಸ್ತ್ರ ಕೊಟ್ಟಳು. ಸಂಕಟವೂ ಅಲ್ಲ, ಮಣ್ಣೂ ಅಲ್ಲ. ಅದು ಸಿಟ್ಟು. ಅಪ್ಪನ ಮೇಲೆ ಎಷ್ಟೋ ಅಮ್ಮನ ಮೇಲೂ ಅಷ್ಟೇ. ಇಷ್ಟು ವರ್ಷಗಳ ಮೇಲೂ ಅದು ಪೂರ್ತಿ ಇಳಿದಿದೆ ಎಂದು ಹೇಳಲಾರೆ.

ನಮ್ಮದು ಕದ್ರಿ ಗುಡ್ಡದ ಇಳಿಜಾರಿನಲ್ಲಿದ್ದ ಹೆಂಚಿನ ಮನೆ. ಮನೆಮಾತು ಕೊಂಕಣಿ, ಶಾಲೆಯಲ್ಲಿ ಕನ್ನಡ, ಮೀನು ತರುವವಳ ಹತ್ತಿರ ತುಳು. ಅಪ್ಪನನ್ನು ಪಪ್ಪಾ ಎನ್ನುತ್ತಿದ್ದೆವು, ಅಮ್ಮನನ್ನು ಮಾಂಯ್. ಅಪ್ಪ ಕಾಫಿ ಸಂಸ್ಕರಿಸುವ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಘಟ್ಟದಿಂದ ಬಂದ ಬೀಜವನ್ನು ಅಂಗಳದಲ್ಲಿ ಒಣಗಿಸಿ, ಸಿಪ್ಪೆ ತೆಗೆಸಿ, ಹೆಂಗಸರಿಂದ ಆರಿಸಿ ಹಡಗಿಗೆ ಕಳಿಸುವುದು ಅಲ್ಲಿಯ ಕೆಲಸ. ಅವರ ಅಂಗಿ, ಕೊಡೆ, ಕೊನೆಗೆ ಅವರು ಓದಿಟ್ಟ ಪೇಪರು ಕೂಡ ಹಸಿ ಕಾಫಿಬೀಜದ ವಾಸನೆ ಹೊಡೆಯುತ್ತಿತ್ತು.

ಸಂಜೆ ಇಗರ್ಜಿಯ ಗಂಟೆ ಕೇಳಿದ ಮೇಲೆ ನಮ್ಮ ಜನರ ಮನೆಗಳಲ್ಲೆಲ್ಲ ಜಪಸರದ ಪ್ರಾರ್ಥನೆ. ಮನೆಯೊಳಗಿನ ದೇವರ ಪೀಠದ ಮುಂದೆ ಮೊಣಕಾಲೂರಿ ಅಜ್ಜಿ, ಅಮ್ಮ, ನಾನು, ತಮ್ಮಂದಿರು. ಅಪ್ಪ ಮಾತ್ರ ಜಗಲಿಯ ಬೆತ್ತದ ಕುರ್ಚಿಯಲ್ಲಿ, ಲಾಟೀನಿನ ಬೆಳಕಿಗೆ ಪೇಪರು ಹಿಡಿದುಕೊಂಡು. ನನಗೆ ಬುದ್ಧಿ ತಿಳಿದಾಗಿನಿಂದ ಅವರು ಮೊಣಕಾಲೂರಿದ್ದು ನೋಡಿಲ್ಲ. ಹಿಂದೆ ಯಾವಾಗಲೋ ಒಂದು ತಪಸ್ಸುಕಾಲದಲ್ಲಿ ಪ್ರಾರ್ಥನೆಗೆ ಬರುವುದು ನಿಲ್ಲಿಸಿದರಂತೆ. ಕಾರಣ ಏನಿರಬಹುದು ಎಂದು ನೆಂಟರೆಲ್ಲ ತಮಗೆ ತೋಚಿದ್ದು ಹೇಳುತ್ತಿದ್ದರು. ಯಾವನೋ ಮತಭ್ರಷ್ಟನ ಸಹವಾಸ ಎಂದು ಒಬ್ಬರು, ತಲೆಗೆ ಬಿಸಿಲು ಹೊಡೆದದ್ದು ಎಂದು ಇನ್ನೊಬ್ಬರು. ನಾನು ಒಮ್ಮೆ ನೇರವಾಗಿ ಕೇಳಿದೆ. "ದೊಡ್ಡ ಕತೆ ಎಂತ ಇಲ್ಲ ಮಗಾ. ನಂಬಿಕೆ ಇಲ್ಲ, ಅಷ್ಟೆ. ಇಲ್ಲದ್ದನ್ನು ಉಂಟು ಅಂತ ಹೇಳ್ಲಿಕ್ಕೆ ನನಗೆ ಬರುವುದಿಲ್ಲ" ಎಂದರು. ಇಷ್ಟು ಸಣ್ಣ ಉತ್ತರದಿಂದ ಯಾರಿಗೂ ಸಮಾಧಾನ ಆಗುತ್ತಿರಲಿಲ್ಲ.

ಹಾಗೆಂದು ಅವರು ಇಗರ್ಜಿಯ ಕಡೆ ತಲೆಯೇ ಹಾಕದವರಲ್ಲ. ಆದಿತ್ಯವಾರ ಅಮ್ಮನ ಜೊತೆ ಕೊಡೆ ಹಿಡಿದುಕೊಂಡು ಇಗರ್ಜಿಯ ಗೇಟಿನವರೆಗೆ ನಡೆದು ಹೋಗುವರು. ಪೂಜೆ ಮುಗಿಯುವವರೆಗೆ ಹೊರಗೆ ಮಾವಿನ ಮರದಡಿ ಜಟಕಾದವರೊಡನೆ ಹರಟೆ ಹೊಡೆದು, ಮತ್ತೆ ಅಮ್ಮನ ಜೊತೆಗೇ ವಾಪಸು. ಪಾದ್ರಿಗಳು ಮನೆಗೆ ಬಂದರೆ ಅವರಿಗೆ ಕಾಫಿ ಮಾಡುವುದು ಅಪ್ಪನೇ. ಅಷ್ಟು ಚಂದದ ಕಾಫಿ ಊರಲ್ಲಿ ಬೇರೆಲ್ಲೂ ಸಿಗದ ಕಾರಣ ಪಾದ್ರಿಗಳು ಉಪದೇಶವನ್ನು ಕಪ್ಪು ಖಾಲಿಯಾಗುವವರೆಗೆ ಮುಂದೂಡುತ್ತಿದ್ದರು. ಆಮೇಲೆ ಅಪ್ಪ ಇನ್ನೊಂದು ಕಪ್ಪು ತರುತ್ತಿದ್ದರು.

ತೊಂದರೆ ಇದ್ದದ್ದು ಬೆಸಾಂವಿನಲ್ಲಿ. ಬೆಸಾಂವ್ ಅಂದರೆ ನಮ್ಮಲ್ಲಿ ಆಶೀರ್ವಾದ. ಸಂಜೆಯ ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳು ದೊಡ್ಡವರ ಮುಂದೆ ಒಬ್ಬೊಬ್ಬರಾಗಿ ಹೋಗಿ, ಕೈಮುಗಿದು ಅದನ್ನು ಕೇಳಬೇಕು. ದೊಡ್ಡವರು ತಲೆಯ ಮೇಲೆ ಕೈಯಿಟ್ಟು "ದೇವರು ಒಳ್ಳೇದು ಮಾಡಲಿ" ಎನ್ನಬೇಕು. ಅಜ್ಜಿ ಹೇಳುವಳು, ಅಮ್ಮ ಹೇಳುವಳು. ಆಮೇಲೆ ಜಗಲಿಗೆ ಹೋಗಿ ಅಪ್ಪನ ಮುಂದೆ ನಿಂತರೆ ಅವರು ಪೇಪರು ಕೆಳಗಿಟ್ಟು, ನಮ್ಮನ್ನು ಒಂದು ಗಳಿಗೆ ನೋಡಿ, ತಲೆಯ ಮೇಲೆ ಕೈಯಿಟ್ಟು "ನಾಳೆ ಉಗುರು ತೆಗಿ" ಎನ್ನುವರು. ಇಲ್ಲವೇ "ಬಗ್ಗಿ ಓದಬೇಡ, ಕಣ್ಣು ಹೋಗ್ತದೆ." ಇಲ್ಲವೇ "ತಮ್ಮನ ಪಾಲಿನ ಮಾವಿನಹಣ್ಣು ಅವನಿಗೇ ಕೊಡು."

ನನಗೆ ಅಪ್ಪನದ್ದೇ ಇಷ್ಟ. ಅಜ್ಜಿ, ಅಮ್ಮ ಹೇಳುವುದು ದಿನಾ ಒಂದೇ. ಅಪ್ಪನದ್ದು ದಿನಕ್ಕೊಂದು, ಅದೂ ನನಗೆಂದೇ ಹೇಳಿದ್ದು. ಆದರೆ ಅಮ್ಮನಿಗೆ ಅದು ಬೆಸಾಂವ್ ಅಲ್ಲವೇ ಅಲ್ಲ. "ಉಗುರು ತೆಗೀಲಿಕ್ಕೆ ಕ್ಷೌರದವ ಕೂಡ ಹೇಳ್ತಾನೆ" ಎನ್ನುವಳು. ನಾವು ಜಗಲಿಯಿಂದ ಒಳಗೆ ಬಂದೊಡನೆ "ಇಲ್ಲಿ ಬಾ, ಅವರದ್ದೂ ನನ್ನ ಹತ್ತಿರ ತಗೋ" ಎಂದು ಇನ್ನೊಮ್ಮೆ ತಲೆ ಮುಟ್ಟಿ ದೇವರ ಹೆಸರು ಹೇಳುವಳು. ಒಂದು ತನ್ನ ಲೆಕ್ಕದ್ದು, ಇನ್ನೊಂದು ಗಂಡನ ಲೆಕ್ಕದ್ದು. ಅಪ್ಪನಿಗೆ ಜಗಲಿಯಲ್ಲಿ ಎಲ್ಲ ಕೇಳಿಸುತ್ತಿತ್ತು. ಪೇಪರಿನ ಹಾಳೆ ಮಗುಚುವ ಸದ್ದು ಬರುತ್ತಿತ್ತು, ಅಷ್ಟೆ. ನಾನು ದೊಡ್ಡವಳಾಗುವವರೆಗೂ ನಮ್ಮ ಮನೆ ಹೀಗೇ ನಡೆಯಿತು.

ಮದುವೆ ನಿಶ್ಚಯವಾದದ್ದೇ ಎಲ್ಲ ಕೆಟ್ಟಿತು. ಹುಡುಗ ಬಂಟ್ವಾಳದವರು, ಶಾಲೆಯ ಮಾಸ್ತರು, ಒಳ್ಳೆಯ ಮನೆತನ. ಮದುವೆಯ ಬೆಳಿಗ್ಗೆ ಇಗರ್ಜಿಗೆ ಹೊರಡುವ ಮೊದಲು ಮದುಮಗಳು ಪೀಠದ ಮುಂದೆ ಮೊಣಕಾಲೂರಿ, ನೆರೆದವರೆಲ್ಲರ ಎದುರು ತಂದೆತಾಯಿಯ ಬೆಸಾಂವ್ ಪಡೆಯಬೇಕು. ಅದನ್ನು ನಡೆಸಿಕೊಡಲು ಗುರ್ಕಾರರು ಬರುತ್ತಾರೆ; ಇಗರ್ಜಿಯ ಪರವಾಗಿ ನಮ್ಮ ಕೇರಿಯನ್ನು ನೋಡಿಕೊಳ್ಳುವ ಹಿರಿಯರು ಅವರು. ಅಮ್ಮ ಹಟ ಹಿಡಿದಳು. ಆ ದಿನ ಅಪ್ಪ ಗುರ್ಕಾರರ ಎದುರಿಗೆ, ಗಟ್ಟಿಯಾಗಿ, ಸರಿಯಾದ ಮಾತೇ ಹೇಳಬೇಕು. ಉಗುರು ಗಿಗುರು ನಡೆಯುವುದಿಲ್ಲ. "ಹೇಳದಿದ್ದರೆ ಇವಳು ಮೆಟ್ಟಿಲು ಇಳಿಯುವುದಿಲ್ಲ, ನಾನು ಇಳಿಸುವುದಿಲ್ಲ" ಎಂದಳು.

ಅಪ್ಪ ಹೇಳಿದ್ದು ಒಂದೇ. "ಇವಳಿಗೆ ಇಂದಿನವರೆಗೆ ನಾನು ಸುಳ್ಳು ಹೇಳಿದ್ದಿಲ್ಲ. ಮದುವೆಯ ದಿನ ಶುರು ಮಾಡ್ಲಿಕ್ಕೆ ಆಗುವುದಿಲ್ಲ."

ಆಮೇಲೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಮಾತು ನನ್ನ ಮೂಲಕ. "ನಿನ್ನ ಪಪ್ಪನಿಗೆ ಹೇಳು, ಊಟಕ್ಕೆ ಬರ್ಲಿಕ್ಕೆ." "ನಿನ್ನ ಮಾಂಯ್‌ಗೆ ಹೇಳು, ಹಸಿವಿಲ್ಲ." ಇಬ್ಬರೂ ಒಂದೇ ಕೋಣೆಯಲ್ಲಿ, ಒಬ್ಬರಿಗೊಬ್ಬರು ಕೇಳುವಷ್ಟು ಹತ್ತಿರ. ಮದುಮಗಳಾದ ನಾನು ಒಂದು ಕಡೆ ಕೂರುವುದು ಬಿಟ್ಟು ಅಡುಗೆಮನೆಗೂ ಜಗಲಿಗೂ ಓಡಾಡಿ ಅಡಕತ್ತರಿಗೆ ಸಿಕ್ಕಿದ ಹಾಗಾದೆ.

ನನಗೆ ತೋಚಿದ ಉಪಾಯಗಳನ್ನೆಲ್ಲ ಮುಂದಿಟ್ಟೆ. ತುಟಿ ಆಡಿಸಿದರೆ ಸಾಕು, ಸ್ವರ ಬೇಡ ಎಂದೆ. ಅಮ್ಮ ಒಪ್ಪಲಿಲ್ಲ, ಗುರ್ಕಾರರಿಗೆ ಕೇಳಬೇಕಂತೆ. ಹಾಗಾದರೆ ಪೂಜೆಯ ಲತೀನಿನಲ್ಲಿ ಹೇಳಿ, ಯಾರಿಗೂ ಅರ್ಥವಾಗದ್ದು ಸುಳ್ಳಾಗುವುದಿಲ್ಲ ಎಂದು ಅಪ್ಪನ ಹತ್ತಿರ ಹೋದೆ. ಅವರು ನಕ್ಕರು. "ಸಣ್ಣವನಿರುವಾಗ ಪೂಜೆಗೆ ಗಂಟೆ ಬಾರಿಸ್ತಿದ್ದೆ ಮಾರಾಯ್ತಿ, ನನಗೆ ಅರ್ಥ ಆಗ್ತದಲ್ಲ" ಎಂದರು. ದೇವರ ಹೆಸರು ಬಿಟ್ಟು ಬರೇ "ಒಳ್ಳೇದಾಗಲಿ" ಎಂದರೆ ಹೇಗೆ ಎಂದೆ. ಅಪ್ಪ ತಕ್ಷಣ ಒಪ್ಪಿದರು. ಅಮ್ಮ ಹಿಟ್ಟು ಕಲಸುತ್ತಿದ್ದ ಕೈಯನ್ನು ಕೊಡವಿ, "ಒಳ್ಳೇದಾಗಲಿ ಅಂತ ಬಳೆಗಾರನೂ ಹೇಳ್ತಾನೆ" ಎಂದಳು. ಕ್ಷೌರದವನು, ಬಳೆಗಾರ, ಎಲ್ಲರೂ ಹೇಳಬಹುದು, ನನ್ನ ಅಪ್ಪ ಮಾತ್ರ ಹೇಳಬಾರದು. ನನಗೆ ತಲೆ ಚಿಟ್ಟು ಹಿಡಿಯಿತು.

ಆಗ ಅಮ್ಮನ ಅಣ್ಣ ಒಂದು ದಾರಿ ತಂದರು. ತಂದೆ ಇಲ್ಲದ ಹುಡುಗಿಯರಿಗೆ ಸೋದರಮಾವ ಬೆಸಾಂವ್ ಕೊಡುವ ಕ್ರಮ ಇದೆ, ನಾನೇ ನಿಲ್ಲುತ್ತೇನೆ ಎಂದರು. ಈ ಮಾತನ್ನು ಅಪ್ಪನಿಗೆ ಮುಟ್ಟಿಸುವ ಕೆಲಸವೂ ನನಗೇ ಬಂತು. ಅಪ್ಪ ಜಗಲಿಯಲ್ಲಿ ಕೊಡೆಯ ಕಡ್ಡಿಗೆ ನೂಲು ಸುತ್ತುತ್ತಿದ್ದರು. ಕೇಳಿ ಸುತ್ತುವುದನ್ನು ನಿಲ್ಲಿಸಿದರು. "ಹಾಗಾದ್ರೆ ನಾನು ಸತ್ತ ಮೇಲೆ ಮದುವೆ ಇಟ್ಟುಕೊಳ್ಳಿ" ಎಂದರು. ಕೊಡೆಯನ್ನು ಅಲ್ಲೇ ಬಿಟ್ಟು ಬಾವಿಕಟ್ಟೆಗೆ ಹೋಗಿ ಕಾಲು ತೊಳೆದರು. ತೊಳೆದ ಕಾಲನ್ನೇ ಮತ್ತೆ ತೊಳೆದರು. ಅವರ ಮನಸ್ಸಿಗೆ ಅಷ್ಟು ನೋವಾದದ್ದನ್ನು ನಾನು ಮೊದಲು ಕಂಡಿರಲಿಲ್ಲ. ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಮಾವನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆ ವರ್ಷ ಅಮ್ಮನಿಗೆ ಇನ್ನೊಂದು ಚಾಳಿ ಹಿಡಿದಿತ್ತು. ಪೂಜೆ ಮುಗಿಸಿ ಬರುವಾಗ ಇಗರ್ಜಿಯ ಸ್ಮಶಾನದ ಹಿಂದಿನ ಗೋಡೆಯ ಹತ್ತಿರ ಸುಮ್ಮನೆ ನಿಂತುಬಿಡುವಳು. ನಮ್ಮ ಪರಿಚಯದ ಒಬ್ಬರು, ಅಪ್ಪನ ಹಾಗೆಯೇ ಇಗರ್ಜಿ ಬಿಟ್ಟವರು, ಅದೇ ಮಳೆಗಾಲ ತೀರಿಕೊಂಡಿದ್ದರು. ಪಾಪನಿವೇದನೆ ಮಾಡದೆ ಸತ್ತವರಿಗೆ ಪವಿತ್ರ ಮಣ್ಣಿಲ್ಲ ಎಂದು ಅವರನ್ನು ಗೋಡೆಯಾಚೆ ಹುಲ್ಲಿನಲ್ಲಿ ಹೂಳಿದ್ದರು. ಮೊದಲೇ ತೀರಿಕೊಂಡಿದ್ದ ಅವರ ಹೆಂಡತಿಯ ಸಮಾಧಿ ಗೋಡೆಯ ಈಚೆ. ಅಪ್ಪ ಕೊಡೆ ಹಿಡಿದು ಮುಂದೆ ಹೋಗುತ್ತಿದ್ದರೆ ನಾನು "ಬಾ ಮಾಂಯ್, ಬಿಸಿಲು" ಎಂದು ಅಮ್ಮನ ಸೆರಗು ಎಳೆಯಬೇಕಾಗುತ್ತಿತ್ತು. ಮದುವೆಯ ಸಾಮಾನು ತರುವುದಿದೆ, ಇವಳು ಹುಲ್ಲು ನೋಡುತ್ತಾ ನಿಂತಿದ್ದಾಳೆ ಎಂದು ನನಗೆ ಸಿಡುಕು.

ಮದುವೆಯ ಹಿಂದಿನ ದಿನ ರೋಸ್, ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಅಪ್ಪ ಬಂದು ಎಲ್ಲರಿಗಿಂತ ಹೆಚ್ಚೇ ಹಾಲು ಹೊಯ್ದರು. "ತೆಂಗಿನ ಹಾಲಿಗೆ ನಂಬಿಕೆ ಬೇಡ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಆ ಹೊತ್ತಿನಲ್ಲೂ ನಗು ಬಂತು. ನಾಳೆ ಎಂತ ಮಾಡ್ತೀರಿ ಪಪ್ಪಾ ಎಂದು ಕೇಳಿದೆ. ಅವರು ಕೈ ಒರೆಸಿಕೊಂಡು ಹೋದರು.

ಮದುವೆಯ ಬೆಳಿಗ್ಗೆ ಮನೆ ತುಂಬ ಜನ. ಗುರ್ಕಾರರು ಕೋಟು ಹಾಕಿ, ಮೊಂಬತ್ತಿ ಹಚ್ಚಿ, ಪೀಠದ ಬಲಕ್ಕೆ ನಿಂತರು. ನಾನು ಮೊಣಕಾಲೂರಿದೆ. ಅಜ್ಜಿ ಹೇಳಿದಳು, ಅಮ್ಮ ಹೇಳಿದಳು. ಆಮೇಲೆ ಎಲ್ಲರ ತಲೆಯೂ ಜಗಲಿಯ ಕಡೆ ತಿರುಗಿತು. ಅಪ್ಪ ಒಳಗೆ ಬಂದರು. ನನ್ನ ತಲೆಯ ಮೇಲೆ ಕೈಯಿಟ್ಟರು. ಎಂದಿನ ಹಾಗೆ ಒಂದು ಗಳಿಗೆ ನನ್ನನ್ನು ನೋಡುತ್ತಾರೆ ಎಂದುಕೊಂಡೆ. ನೋಡಲಿಲ್ಲ. ಗುರ್ಕಾರರ ಕಡೆ ಮುಖ ಮಾಡಿ, ಕಾರ್ಖಾನೆಯಲ್ಲಿ ಹಾಜರಿ ಕೂಗುವ ಸ್ವರದಲ್ಲಿ, "ದೇವರು ಒಳ್ಳೇದು ಮಾಡಲಿ" ಎಂದರು.

ಗುರ್ಕಾರರು ತಲೆಯಾಡಿಸಿದರು. ಹಿಂದಿನ ಸಾಲಿನ ಹೆಂಗಸರು ಮೂಗು ಒರೆಸಿಕೊಂಡರು. ಇಷ್ಟು ದಿನ ನಾನು ಓಡಾಡಿದ್ದೇ ಈ ಮಾತಿಗಾಗಿ, ಆದರೆ ಬಂದಾಗ ನನಗೆ ಬೇಡವಾಯಿತು. ಅದು ಅವರದ್ದಲ್ಲ, ನನ್ನದೂ ಅಲ್ಲ. ಅವರು ನನಗೆ ಹೇಳಿದ ಮೊದಲ ಸುಳ್ಳು ಅದು, ನನ್ನ ತಲೆ ಮುಟ್ಟಿ ಹೇಳಿದ್ದು.

ಹೊರಡುವಾಗ ಅಮ್ಮ ನನ್ನನ್ನು ಬಾಗಿಲ ಸಂದಿಗೆ ಎಳೆದಳು. ಜಡೆಯ ಹೂವು ಸರಿಮಾಡುವ ನೆವ. "ಅವರದ್ದೂ ನನ್ನ ಹತ್ತಿರ ತಗೋ" ಎಂದು ಮೆಲ್ಲನೆ ತಲೆಯ ಮೇಲೆ ಕೈಯಿಟ್ಟಳು.

"ಅವರು ಹೇಳಿದರಲ್ಲ" ಎಂದೆ.

"ಹೇಳಿದರು. ನಂಬಿ ಹೇಳಿದ್ದು ಅಲ್ಲವಲ್ಲ" ಎಂದಳು.

ಹಾಗಾದರೆ ಹೇಳಿಸಿದ್ದು ಯಾತಕ್ಕೆ? ಕೇಳಲು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಬಂದು ಕೈಹಿಡಿದಳು. ಜಟಕಾ ಹತ್ತುವಾಗ ಅಪ್ಪ ಬಗ್ಗಿ ನನ್ನ ಸೀರೆಯ ಅಂಚನ್ನು ಒಳಗೆ ಸೇರಿಸಿದರು. ಆಗ ನನ್ನನ್ನು ನೋಡಿದರು. "ಚಕ್ರಕ್ಕೆ ಸಿಕ್ಕದ ಹಾಗೆ ಕೂತುಕೋ" ಎಂದರು. ನನಗೆ ಅಳು ಬಂದದ್ದು ಅಲ್ಲಿ. ಅಪ್ಪ ಹೇಳಿದ ಮಾತಿನಲ್ಲಿ ಅಮ್ಮನಿಗೇ ನಂಬಿಕೆ ಇರಲಿಲ್ಲ, ಅಪ್ಪನಿಗೆ ಮೊದಲೇ ಇಲ್ಲ. ಮತ್ತೆ ನನ್ನ ಮದುವೆಯ ತಿಂಗಳನ್ನು ಯಾಕೆ ಹಾಳು ಮಾಡಿದರು?

ಆಮೇಲೆ ತವರಿಗೆ ಹೋದಾಗೆಲ್ಲ ಹಳೆಯ ಕ್ರಮವೇ. ಅಪ್ಪ ಆ ಮಾತನ್ನು ಮತ್ತೊಮ್ಮೆ ಹೇಳಲಿಲ್ಲ. ಅಮ್ಮನೂ ಕೇಳಲಿಲ್ಲ. ನಾನು ಹೊರಡುವಾಗ ಜಗಲಿಯಲ್ಲಿ ಅಪ್ಪ, "ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತುಕೋ" ಎನ್ನುವರು. ಯುದ್ಧದ ಕಾಲ; ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು, ಹಿಂದುಗಡೆ ಒಲೆ ಕಟ್ಟಿಕೊಂಡು. ಹಿಂದೆ ಕೂತರೆ ಹೊಗೆ, ಕಿಡಿ. ನಾನು ಚಪ್ಪಲಿ ಮೆಟ್ಟಿದ ಮೇಲೆ ಒಳಗಿನಿಂದ ಅಮ್ಮ, "ಅವರು ಎಂತ ಹೇಳಿದ್ರು?" "ಮುಂದಿನ ಸೀಟು ಅಂದ್ರು." "ಹಾಗಾದ್ರೆ ಇಲ್ಲಿ ಬಾ." ಮತ್ತೆ ಚಪ್ಪಲಿ ಬಿಚ್ಚಬೇಕು, ಒಳಗೆ ಹೋಗಬೇಕು. ಇದರಿಂದ ಹಂಪನಕಟ್ಟೆಯಲ್ಲಿ ನನಗೆ ಎಷ್ಟೋ ಸಲ ಬಸ್ಸು ತಪ್ಪಿದೆ.

ಯುದ್ಧ ಮುಗಿಯುವ ಮೊದಲೇ ಅಪ್ಪ ಹೋದರು. ಮಧ್ಯಾಹ್ನ ಕಾರ್ಖಾನೆಯ ಅಂಗಳದಲ್ಲಿ ಬೀಜ ಕೆದಕುವವರ ನಡುವೆ ಕುಸಿದವರು ಏಳಲಿಲ್ಲ. ಪಾದ್ರಿಗಳನ್ನು ಕರೆಸಲು ಸಮಯವೇ ಸಿಗಲಿಲ್ಲ, ಸಿಕ್ಕಿದ್ದರೂ ಅಪ್ಪ ಅವರಿಗೆ ಕಾಫಿ ಮಾಡುತ್ತಿದ್ದರೇನೋ. ನಾನು ಬಂಟ್ವಾಳದಿಂದ ಬಂದು ಮುಟ್ಟಿದಾಗ ಅಮ್ಮ ಅಳುತ್ತಿರಲಿಲ್ಲ. ನನ್ನ ಮುಖ ಕಂಡ ಕೂಡಲೇ, "ಗುರ್ಕಾರರಿಗೆ ಹೇಳಿ ಕಳಿಸಿದ್ದೇನೆ. ಅವರು ಬರುವವರೆಗೆ ಯಾರೂ ಎಂತದೂ ಮಾತಾಡಬೇಡಿ" ಎಂದಳು.

ದೊಡ್ಡ ಪಾದ್ರಿಗಳು ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. ಒಳ್ಳೆಯ ಮನುಷ್ಯ, ಆದರೆ ನಿಯಮ ಉಂಟಲ್ಲ, ಇವರು ಇಗರ್ಜಿಯ ಒಳಗೆ ಕಾಲಿಟ್ಟವರಲ್ಲ ಎಂದರು. ಆಗ ಗುರ್ಕಾರರು ಕೋಲೂರಿಕೊಂಡು ಮುಂದೆ ಬಂದರು. "ಮಗಳ ಮದುವೆಯಲ್ಲಿ ಈ ಮನುಷ್ಯ ದೇವರ ಹೆಸರಿನಲ್ಲಿ ಬೆಸಾಂವ್ ಕೊಟ್ಟಿದ್ದಾರೆ ಪಾದ್ರಿಯಾಬ್. ನನ್ನ ಕಿವಿಯಾರೆ ಕೇಳಿದ್ದೇನೆ. ಇಲ್ಲಿ ಕೇಳಿದವರು ಇನ್ನೂ ಇದ್ದಾರೆ" ಎಂದರು. ಪಾದ್ರಿಗಳು ನನ್ನ ಕಡೆ ತಿರುಗಿ, ಹೌದಾ ಎಂದು ಕೇಳಿದರು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಹೌದು ಎಂದೆ. ಅದು ಸುಳ್ಳಲ್ಲ, ಅವರು ಹೇಳಿದ್ದು ಹೌದು. ದೊಡ್ಡ ಗಂಟೆ ಬಾರಿಸಲಿಲ್ಲ, ಹಾಡು ಇರಲಿಲ್ಲ. ಆದರೆ ಗೋಡೆಯ ಈಚೆಯೇ ಜಾಗ ಸಿಕ್ಕಿತು.

ಬಂದವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ಅಮ್ಮನನ್ನು ಹಿಡಿದೆ. "ಇದಕ್ಕಾಗಿಯಾ ಆವತ್ತು ಅವರ ಬಾಯಲ್ಲಿ ಅದನ್ನು ಹೇಳಿಸಿದ್ದು?"

"ಮತ್ತೆ ಎಂತಕ್ಕೆ?" ಎಂದಳು. "ಅವರನ್ನು ಆಚೆ ಹಾಕಿದ್ರೆ ನಾನು ಈಚೆ ಒಬ್ಬಳೇ ಮಲಗಿ ಎಂತ ಮಾಡುವುದು?"

"ಪಪ್ಪನಿಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಹೇಳ್ತಾರಾ ಅವರು? ರೋಸಿನ ದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಕೇಳಿಕೊಂಡೆ. ಒಂದು ಸಲ ಮಾತ್ರ ಹೇಳ್ತೇನೆ, ನಿನಗೋಸ್ಕರ ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ಇಬ್ಬರೂ ಮಾತಾಡಿಕೊಂಡು, ಒಪ್ಪಂದ ಮಾಡಿಕೊಂಡು, ನನ್ನನ್ನು ಮಾತ್ರ ಕತ್ತಲಲ್ಲಿ ಇಟ್ಟಿದ್ದರು. ನಾನು ಆ ಮಾತನ್ನು ಸುಳ್ಳು ಎಂದು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕುದಿದಿದ್ದೆ. ಅಪ್ಪನ ಮುಂದೆ ಒಮ್ಮೆ ಬಾಯಿಬಿಟ್ಟು ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಈಗ ಕೇಳುವುದು ಯಾರನ್ನು?

"ನನ್ನ ಬೆಸಾಂವ್ ಅಲ್ವಾ ಮಾಂಯ್ ಅದು? ನನಗೆ ಹೇಳಬೇಕು ಅಂತ ಕಾಣಲಿಲ್ವಾ?"

"ಅದಕ್ಕೇ ಅಲ್ವಾ ನಿನಗೆ ಬಾಗಿಲ ಸಂದಿಯಲ್ಲಿ ಬೇರೆ ಕೊಟ್ಟದ್ದು" ಎಂದಳು, ತಪ್ಪೆಲ್ಲಿ ಎಂದು ಗೊತ್ತಾಗದವಳ ಹಾಗೆ. ಅವಳ ಜೊತೆ ಜಗಳವಾಡಿ ಗೆದ್ದವರಿಲ್ಲ. ನಾನು ಪಾತ್ರೆ ತೊಳೆಯಲು ಹೋದೆ.

ಅಪ್ಪನ ತಿಂಗಳ ಪೂಜೆ ಮುಗಿಸಿ ಬಂಟ್ವಾಳಕ್ಕೆ ಹೊರಟ ದಿನವೂ ನನ್ನ ಮುಖ ಊದಿಕೊಂಡೇ ಇತ್ತು. ಅಮ್ಮನ ಮುಂದೆ ಕೈಮುಗಿದೆ. "ದೇವರು ಒಳ್ಳೇದು ಮಾಡಲಿ" ಎಂದಳು. ಜಗಲಿಗೆ ಬಂದೆ. ಬೆತ್ತದ ಕುರ್ಚಿ ಇತ್ತು, ಅಷ್ಟೆ. ಚಪ್ಪಲಿ ಮೆಟ್ಟಿದೆ. ಹಿಂದಿನಿಂದ ಅಮ್ಮನ ಸ್ವರ.

"ಅವರದ್ದೂ ನನ್ನ ಹತ್ತಿರ ತಗೋ."

ನನಗೆ ಮತ್ತೆ ಚಪ್ಪಲಿ ಬಿಚ್ಚುವ ಮನಸ್ಸಿರಲಿಲ್ಲ. ಅಮ್ಮ ತಾನೇ ಹೊಸ್ತಿಲು ದಾಟಿ ಬಂದಳು. ತಲೆಯ ಮೇಲೆ ಕೈಯಿಟ್ಟಳು. ಒಂದು ಗಳಿಗೆ ನನ್ನನ್ನು ನೋಡಿದಳು, ಅವಳು ಹಾಗೆ ನೋಡುವವಳೇ ಅಲ್ಲ. "ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತುಕೋ" ಎಂದಳು.

ನಾನು ಕಾದೆ. ದೇವರ ಹೆಸರು ಬರಲಿಲ್ಲ. ಅಷ್ಟೇ ಹೇಳಿ ಅವಳು ಕೈ ತೆಗೆದಳು.

ಕದ್ರಿಯಿಂದ ಹಂಪನಕಟ್ಟೆಯವರೆಗೆ ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೇ ನಡೆದೆ. ಇಷ್ಟು ಸುಲಭವಿದ್ದರೆ ಅವರು ಆ ಕುರ್ಚಿಯಲ್ಲಿ ಕೂತಿದ್ದಾಗ ಒಂದೇ ಒಂದು ಸಲ ಹೀಗೆ ಹೇಳಬಹುದಿತ್ತಲ್ಲ, ಅವರ ಕಿವಿಗೆ ಬೀಳುವ ಹಾಗೆ. ಪೇಪರಿನ ಹಾಳೆ ಮಗುಚುವುದನ್ನು ನಿಲ್ಲಿಸಿ ಅವರು ಒಳಗೆ ನೋಡುತ್ತಿದ್ದರು.

ಬಂಟ್ವಾಳದ ಬಸ್ಸು ಹೊರಟು ನಿಂತಿತ್ತು. ಮುಂದಿನ ಸೀಟುಗಳೆಲ್ಲ ತುಂಬಿದ್ದವು, ಹಿಂದೆ ಒಲೆಯ ಪಕ್ಕ ಜಾಗ ಇತ್ತು. ಕಂಡಕ್ಟರ್ ಹತ್ತಿ, ಹತ್ತಿ ಎಂದು ಅವಸರ ಮಾಡಿದ. ನಾನು ಹತ್ತಲಿಲ್ಲ. ಮುಂದಿನ ಬಸ್ಸಿಗೆ ಬಿಸಿಲಿನಲ್ಲಿ ಕಾದೆ.